ತಿನ್ನದ ಮರಿಯನ್ನು ಮಾರದ ಅಂಗಡಿ

ಧಾರವಾಡದ ಸುಭಾಸ ರಸ್ತೆಯ ಹತ್ತಿರದ ಓಣಿಯೊಂದರಲ್ಲಿ, ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನುಗಳ ಈ ಅಂಗಡಿ ಇದೆ. ಬೋರ್ಡಿನ ಬಣ್ಣ ಹೋಗಿದೆ, ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೇ ಕಾಯಬೇಕು. ಹುಬ್ಬಳ್ಳಿಯ ದೊಡ್ಡ ಅಂಗಡಿಗಳಿಗಿಂತ ಮರಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚೇ ಹೇಳುತ್ತಾರೆ. ಆದರೂ ಮರಿ ಮೀನು ಬೇಕೆಂದರೆ ನಾನು ಇಲ್ಲಿಗೇ ಬರುತ್ತೇನೆ, ಯಾಕೆಂದರೆ ಹಾಕಿದ್ದನ್ನು ತಿನ್ನದ ಮೀನನ್ನು ಇವರು ಮಾರುವುದಿಲ್ಲ.

ನಾನು ಕೇಳಿದ್ದು ಏಂಜೆಲ್ ಮೀನಿನ ಮರಿ, ರೂಪಾಯಿ ನಾಣ್ಯದಷ್ಟು ಅಗಲದವು. ಬಲೆ ಕೈಗೆ ತಗೊಳ್ಳುವ ಮೊದಲೇ ಅಂಗಡಿಯವರು ತೊಟ್ಟಿಗೆ ಒಂದು ಚಿಟಿಕೆ ಕಾಳು, ಅಂದರೆ ಮೀನಿನ ಒಣ ಆಹಾರ, ಉದುರಿಸಿದರು. "ಮ್ಯಾಲೆ ಬಂದು ತಿಂತಾವಲ್ರೀ ಅಕ್ಕಾರ, ಅವನ್ನಷ್ಟ ಹಿಡದ ಕೊಡ್ತೀನಿ. ಆ ಮೂಲ್ಯಾಗ ನಿಂತದ್ದು ಬ್ಯಾಡ." ಮೂಲೆಯ ಮರಿ ಕಾಳನ್ನು ಬಾಯಿಗೆ ತಗೊಂಡು ಉಗುಳುತ್ತಿತ್ತು, ಹೊಟ್ಟೆ ಒಳಗೆ ಹೋಗಿತ್ತು. ಅದನ್ನು ಬೇರೆ ತೊಟ್ಟಿಗೆ ಹಾಕಿದರು.

ಚೀಲ ಕಟ್ಟುತ್ತ ಹೇಳಿದ ಮಾತು ಇನ್ನೂ ಉಪಯೋಗದ್ದು. "ಇವತ್ತ ಏನೂ ಹಾಕಬ್ಯಾಡ್ರಿ, ಲೈಟೂ ಹಚ್ಚಬ್ಯಾಡ್ರಿ. ಒಂದಿನ ಉಪಾಸ ಇದ್ರ ಸಾಯೂದಿಲ್ಲ." ಜಾಗ ಬದಲಾದ ಮರಿ ಮೊದಲು ಅಡಗಿಕೊಳ್ಳುತ್ತದೆ, ಹಸಿವು ಆಮೇಲೆ. ಹೊಸ ತೊಟ್ಟಿಯಲ್ಲಿ ಕೊಳಕನ್ನು ಕರಗಿಸುವ ಬ್ಯಾಕ್ಟೀರಿಯಾ ಇನ್ನೂ ನೆಲೆಯಾಗಿರುವುದಿಲ್ಲ. ತಿನ್ನದೆ ಉಳಿದ ಕಾಳು ಕೊಳೆತು ಅಮೋನಿಯಾ ಏರುತ್ತದೆ, ಅಮೋನಿಯಾ ಏರಿದರೆ ಇದ್ದ ಹಸಿವೂ ಹೋಗುತ್ತದೆ. ತಿನ್ನುತ್ತಿಲ್ಲವಲ್ಲ ಅಂತ ಮತ್ತೆ ಮತ್ತೆ ಹಾಕುವವರ ಮನೆಯಲ್ಲೇ ಮರಿ ಹೆಚ್ಚು ಸಾಯುವುದು. ನಮ್ಮ ನಳಕ್ಕೆ ಬರುವ ಮಲಪ್ರಭೆ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದನ್ನು ತೆಗೆಯುವ ಔಷಧಿ ಬಾಟಲಿಯನ್ನೂ ಕೊಟ್ಟರು. ಹೀಟರ್ ಇದೆಯೇ ಎಂದು ಅವರೇ ಕೇಳಿದರು. ಧಾರವಾಡದ ಚಳಿಗಾಲದ ರಾತ್ರಿಗೆ ಅದು ಬೇಕೇ ಬೇಕು. ಏಂಜೆಲ್ ಮರಿಗೆ ನೀರು 26ರಿಂದ 28 ಡಿಗ್ರಿ ಇರಬೇಕು, ತಣ್ಣಗಾದರೆ ಬಾಯಿ ಕಟ್ಟುತ್ತದೆ.

ಇಲ್ಲಿ ನನಗೆ ಅತಿ ಹೆಚ್ಚು ಸೇರಿದ್ದು ಆರ್ಟೀಮಿಯಾ ಮೊಟ್ಟೆ. ಆರ್ಟೀಮಿಯಾ ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ, ಮೊಟ್ಟೆಯೊಡೆದ ಅದರ ಮರಿಯನ್ನು ಮೀನಿನ ಮರಿಗೆ ತಿನ್ನಲು ಹಾಕುತ್ತಾರೆ. ಡಬ್ಬಿಯಿಂದ ತೂಗಿ ಸಣ್ಣ ಪುಡಿಕೆ ಕಟ್ಟಿಕೊಡುತ್ತಾರೆ, ಡಬ್ಬಿ ಒಡೆದ ತಾರೀಕು ಕೇಳಿದರೆ ಹೇಳುತ್ತಾರೆ. ಪಸೆ ಹತ್ತಿದರೆ ಮೊಟ್ಟೆ ಸರಿಯಾಗಿ ಒಡೆಯುವುದಿಲ್ಲ, ಫ್ರಿಜ್ಜಿನಲ್ಲಿಡಬೇಕು. ಮೊಟ್ಟೆ ಒಡೆಸಲು ಬೇಕಾದ್ದು ಇಷ್ಟೇ: ಲೀಟರ್ ನೀರಿಗೆ ಸುಮಾರು 25 ಗ್ರಾಂ ಕಲ್ಲುಪ್ಪು, ತಲೆಕೆಳಗಾಗಿ ಕಟ್ಟಿದ ಪ್ಲಾಸ್ಟಿಕ್ ಬಾಟಲಿ, ಎಡೆಬಿಡದೆ ಗಾಳಿ. ನೀರು ಬೆಚ್ಚಗಿದ್ದರೆ 24ರಿಂದ 36 ಗಂಟೆಗೆ ಮರಿಯಾಗುತ್ತವೆ. ಅಂಗಡಿಯಲ್ಲೇ ಒಂದು ಬಾಟಲಿ ಇತ್ತು. ಗಾಳಿ ನಿಲ್ಲಿಸಿ ತಳಕ್ಕೆ ಟಾರ್ಚ್ ಹಿಡಿದರು. ಒಂದು ನಿಮಿಷ ಏನೂ ಇಲ್ಲ, ಆಮೇಲೆ ಕೇಸರಿ ಬಣ್ಣದ ಧೂಳಿನಂಥದ್ದು ನಡುಗುತ್ತ ನಡುಗುತ್ತ ಬೆಳಕಿನ ಕಡೆ ಇಳಿದು ಗುಂಪುಗಟ್ಟಿತು. ಒಡೆದ ಸಿಪ್ಪೆಯೆಲ್ಲ ಮೇಲೆ ತೇಲಿತು. ಸಣ್ಣ ನಳಿಕೆಯಿಂದ ಕೆಳಗಿನದನ್ನಷ್ಟೇ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದರು. ಹುಟ್ಟಿದ ಕೆಲ ಗಂಟೆಯೊಳಗೇ ಹಾಕಬೇಕು, ತಡವಾದಷ್ಟೂ ಅವುಗಳ ಮೈಯೊಳಗಿನ ಸತ್ವ ಕರಗುತ್ತದೆ.

ಕಾಳು ಮೂಸಿಯೂ ನೋಡದ ಮರಿ ಈ ಅಲುಗಾಟ ಕಂಡರೆ ಸುಮ್ಮನಿರಲಾರದು. ನಮ್ಮ ಮನೆಯಲ್ಲಿ ಮೊದಲು ಒಂದು ಮುನ್ನುಗ್ಗಿತು, ಅದನ್ನು ನೋಡಿ ಉಳಿದವೂ ಹೊರಬಂದವು. ಆಮೇಲೆ ಅದರ ಜೊತೆಗೇ ನೆನೆಸಿದ ಸಣ್ಣ ಕಾಳು ಬೆರೆಸುತ್ತ ಹೋದೆ, ಈಗ ಬರೀ ಕಾಳನ್ನೂ ತಿನ್ನುತ್ತವೆ.

ಮೀನಿಗೆ ಹಾಕಲು ಇಲ್ಲಿ ಸಿಗುವ ಜೀವಂತ ಟ್ಯೂಬಿಫೆಕ್ಸ್ ಹುಳು ಮಾತ್ರ ನಾನು ತಗೊಳ್ಳುವುದಿಲ್ಲ. ಅವು ಕೊಳಚೆ ಕೆಸರಿನಲ್ಲಿ ಬೆಳೆಯುವಂಥವು, ಮರಿಗೆ ರೋಗ ತರಬಹುದು. ಬೆಟ್ಟಾ ಮೀನುಗಳನ್ನು ಅಂಗೈಯಗಲದ ಬಾಟಲಿಯಲ್ಲಿಡುವುದು ನೋಡಿದರೆ ಸಂಕಟವಾಗುತ್ತದೆ, ಅದನ್ನು ಅವರಿಗೆ ಹೇಳಿದ್ದೇನೆ ಕೂಡ. ಬಿಲ್ ಕೇಳಿದರಷ್ಟೇ ಕೊಡುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚಿರುತ್ತದೆ; ಸಂಜೆ ಹೋಗಿ, ಆಗಲೇ ಎಲ್ಲ ತೊಟ್ಟಿಗೂ ತಿನ್ನಲು ಹಾಕುತ್ತಾರೆ, ಯಾವ ಮರಿ ಚುರುಕು ಅಂತ ನೀವೇ ನೋಡಿ ಆರಿಸಬಹುದು.