ಉಪ್ಪುನೀರಿನ ಹೊಸ ಟ್ಯಾಂಕಿಗೆ ಸ್ಟ್ರಿಪ್ಪೋ, ಡ್ರಾಪ್ ಕಿಟ್ಟೋ?

ಶಿವಮೊಗ್ಗದಲ್ಲಿ ಕೂತು ಸಮುದ್ರದ ಮೀನು ಸಾಕುವವರಿಗೆ ನೀರಿನ ಪರೀಕ್ಷೆಗೆ ನನ್ನ ಸಲಹೆ ಒಂದೇ: ಡ್ರಾಪ್ ಕಿಟ್ (ನೀರಿನ ಮಾದರಿಗೆ ದ್ರಾವಣದ ಹನಿ ಹಾಕಿ ಬಣ್ಣ ನೋಡುವ ಕಿಟ್) ಕೊಳ್ಳಿ.

ಸ್ಟ್ರಿಪ್, ಅಂದರೆ ನೀರಲ್ಲಿ ಅದ್ದುವ ಪರೀಕ್ಷಾ ಪಟ್ಟಿ, ಸುಲಭ, ನಿಜ. ಅದ್ದಿ ತೆಗೆದರೆ ನಿಮಿಷದಲ್ಲಿ ಬಣ್ಣ ಬರುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲವಾದರೂ ಸಾಕು, ತೇವ ಹಿಡಿದು ತಪ್ಪು ಬಣ್ಣ ತೋರಿಸುತ್ತದೆ. ಎಷ್ಟೋ ಸ್ಟ್ರಿಪ್‌ಗಳಲ್ಲಿ, ಮೀನಿಗೆ ವಿಷವಾದ ಅಮೋನಿಯಾದ ಪರೀಕ್ಷೆಯೇ ಇರುವುದಿಲ್ಲ. ಹೊಸ ಟ್ಯಾಂಕಿಗೆ ಮೊದಲು ಬೇಕಾದದ್ದೇ ಅದು, ಅಲ್ವಾ?

ಡ್ರಾಪ್ ಕಿಟ್‌ಗೆ ತಾಳ್ಮೆ ಬೇಕು, ದುಡ್ಡೂ ಜಾಸ್ತಿ. ಅದೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಟ್ಯಾಂಕಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಈ ನೈಟ್ರೇಟ್ ಪರೀಕ್ಷೆಯ ದ್ರಾವಣದ ಬಾಟಲಿಯನ್ನು ಚೆನ್ನಾಗಿ ಕುಲುಕದಿದ್ದರೆ ಅಂಕಿ ಕಡಿಮೆ ಬರುತ್ತದೆ. ನೀರಲ್ಲಿ ನೈಟ್ರೈಟ್ ಇದ್ದರೆ ನೈಟ್ರೇಟ್ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ನೈಟ್ರೈಟ್ ಸೊನ್ನೆಗೆ ಇಳಿಯುವವರೆಗೆ ಆ ಅಂಕಿಯನ್ನು ನಂಬಬೇಡಿ. ಸಾಮಾನ್ಯವಾಗಿ ಮೊದಲ 4ರಿಂದ 6 ವಾರಗಳಲ್ಲಿ ಅಮೋನಿಯಾ, ಅದರ ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತವೆ. ಸುಮ್ನೆ ಗಾಬರಿಯಾಗಿ ಔಷಧಿ ಸುರಿಯಬೇಡಿ. ಅಲ್ಲಿಯವರೆಗೆ ದಯವಿಟ್ಟು ಮೀನನ್ನೂ ಬಿಡಬೇಡಿ, ಪಾಪ, ನರಳುತ್ತವೆ.

ಅನುಮಾನ ಬಂದಾಗ ನಾನು ಉಪ್ಪು ಬೆರೆಸದ ಆರ್‌ಒ ನೀರನ್ನೂ (ಫಿಲ್ಟರ್‌ನಲ್ಲಿ ಶುದ್ಧ ಮಾಡಿದ ನೀರು) ಅದೇ ಕಿಟ್‌ನಲ್ಲಿ ನೋಡುತ್ತೇನೆ. ಅಲ್ಲೂ ಅಮೋನಿಯಾ ಕಂಡರೆ ಮೊದಲು ಕಿಟ್ಟನ್ನೋ ಆ ನೀರನ್ನೋ ಅನುಮಾನಿಸಬೇಕು, ಟ್ಯಾಂಕನ್ನಲ್ಲ.