ಗೂಗಲ್ ಸ್ಕಾಲರ್‌: ಲೇಖನದ ಅಡಿಯ ಆ ಚಿಕ್ಕ ಕೊಂಡಿ

ಒಣಗುವ ಜೇಡಿಮಣ್ಣು ಹೇಗೆ ಬಿರುಕು ಬಿಡುತ್ತದೆ ಎಂಬುದು ನನ್ನ ಸಂಶೋಧನೆ. ಎರಡು ವರ್ಷ ‘ಮಣ್ಣಿನ ಬಿರುಕು’ ಎಂದೇ ಹುಡುಕಿದೆ; ಸಿಕ್ಕವರೆಲ್ಲ ಮಣ್ಣಿನವರೇ. ಬಿರುಕನ್ನೇ ಹಗಲಿರುಳು ನೋಡುವವರು ಬೇರೆ ಕಡೆಯೂ ಇದ್ದರು, ಆದರೆ ಬೇರೆ ಹೆಸರಿನಲ್ಲಿ. ಪಿಂಗಾಣಿಯ ಮೆರುಗು ಒಡೆದರೆ ‘ಕ್ರೇಜಿಂಗ್’, ಹಳೆಯ ತೈಲಚಿತ್ರದ ಬಣ್ಣ ಒಡೆದರೆ ‘ಕ್ರಾಕಲೂರ್’. ಕೇಳಿಯೇ ಇರದ ಪದವನ್ನು ಹುಡುಕುವುದಾದರೂ ಹೇಗೆ?

ದಾರಿ ತೋರಿಸಿದ್ದು, ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ತಾಣವಾದ ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಅಡಿಯಲ್ಲಿರುವ ‘ಸೈಟೆಡ್ ಬೈ’ ಕೊಂಡಿ. ಒತ್ತಿದರೆ, ಆ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಪರಿಭಾಷೆ ಬೇರೆಯಾದರೂ ಆಧರಿಸಿದ ಹಳೆಯ ಲೇಖನ ಒಂದೇ ಆಗಿರಬಹುದಲ್ಲ! ಪಟ್ಟಿಯ ಮೇಲಿನ ಚೌಕಕ್ಕೆ ಗುರುತು ಹಾಕಿದರೆ ಆ ಪಟ್ಟಿಯೊಳಗೆ ಮಾತ್ರ ಹುಡುಕಬಹುದು. ಇದನ್ನು ಎಷ್ಟೋ ಮಂದಿ ಗಮನಿಸುವುದೇ ಇಲ್ಲ, ನನಗೆ ಅದೇ ಸಂಕಟ.

ಹೆಪ್ಪುಗಟ್ಟಿದ ನೆಲದ ಬಿರುಕುಗಳ ಬಗ್ಗೆ ಲಾಕೆನ್‌ಬ್ರುಕ್ 1962ರಲ್ಲಿ ಬರೆದ ಪ್ರಬಂಧದಿಂದ ಹೊರಟೆ. ಒಂದರಿಂದ ಇನ್ನೊಂದಕ್ಕೆ ದಾಟುತ್ತ 1998ರ ಒಂದು ಲೇಖನಕ್ಕೆ ಬಂದು ನಿಂತೆ. ಮುಸುಕಿನ ಜೋಳದ ಪಿಷ್ಟವನ್ನು ನೀರಿನಲ್ಲಿ ಕಲಸಿ ಒಣಗಿಸಿದರೆ ಒಳಗೆ ಸಣ್ಣ ಸಣ್ಣ ಕಂಬಗಳು ಮೂಡುತ್ತವೆ, ಥೇಟ್ ಲಾವಾ ತಣಿದು ಆಗುವ ಬಸಾಲ್ಟ್ ಶಿಲೆಯ ಕಂಬಗಳ ಹಾಗೆ. ಪಿಷ್ಟದಿಂದ ನೀರು ಹೊರಹೋಗುವುದಕ್ಕೂ ಲಾವಾದಿಂದ ಶಾಖ ಹೊರಹೋಗುವುದಕ್ಕೂ ಲೆಕ್ಕ ಒಂದೇ ಬಗೆಯದು. ಮರುದಿನವೇ ಗಾಜಿನ ಬಟ್ಟಲಲ್ಲಿ ನಾನೂ ಕಲಸಿಟ್ಟೆ. ಮೇಲೆ ಮೊದಲು ಅಗಲವಾದ ಒರಟು ಬಿರುಕುಗಳಷ್ಟೇ ಕಂಡವು. ಪೂರ್ತಿ ಒಣಗಿದ ಮೇಲೆ ಗಡ್ಡೆಯನ್ನು ಮುರಿದು ನೋಡಿದರೆ, ಪೆನ್ಸಿಲ್ ಸೀಸದಷ್ಟು ತೆಳುವಾದ ಕಂಬಗಳು ಒತ್ತೊತ್ತಾಗಿ ನಿಂತಿದ್ದವು. ನನ್ನ ಮಣ್ಣಿನ ಬಿರುಕು ಮೇಲಿನಿಂದ ಕೆಳಕ್ಕೆ ಇಳಿಯುವ ವೇಗವನ್ನು ಅಳೆಯಬೇಕೆಂದು ಹೊಳೆದದ್ದು ಆಗಲೇ.

ಹೀಗೆ ಯಾರು ಯಾರನ್ನು ಉಲ್ಲೇಖಿಸಿದರು ಎಂದು ಪಟ್ಟಿ ಮಾಡುವ ‘ಉಲ್ಲೇಖ ಸೂಚಿ’ ಎಂಬ ಉಪಾಯವೇ ಎರವಲು ತಂದದ್ದು. 1955ರಲ್ಲಿ ಯೂಜೀನ್ ಗಾರ್ಫೀಲ್ಡ್ ಅದನ್ನು ವಿಜ್ಞಾನಕ್ಕೆ ಸೂಚಿಸಿದಾಗ ಮಾದರಿಯಾಗಿದ್ದದ್ದು ಅಮೆರಿಕದ ವಕೀಲರು 1873ರಿಂದ ಬಳಸುತ್ತಿದ್ದ ‘ಶೆಪರ್ಡ್ಸ್ ಸೈಟೇಷನ್ಸ್’; ಒಂದು ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಉಲ್ಲೇಖಿಸಿದವು ಎಂಬ ಪಟ್ಟಿ ಅದು.

ಆದರೆ ಪಟ್ಟಿಯಲ್ಲಿರುವವರು ಒಪ್ಪಿ ಉಲ್ಲೇಖಿಸಿದರೋ, ಖಂಡಿಸಲು ಉಲ್ಲೇಖಿಸಿದರೋ ಎಂಬುದನ್ನು ಲೇಖನ ಓದಿಯೇ ತಿಳಿಯಬೇಕು. ಓದಲು ಹೋದರೆ ಪ್ರಕಾಶಕರ ಬಾಗಿಲು ಎಷ್ಟೋ ಸಲ ಮುಚ್ಚಿರುತ್ತದೆ. ನನ್ನ ವಿಭಾಗ ಚಂದಾ ಕಟ್ಟುವುದು ಮಣ್ಣಿನ ಪತ್ರಿಕೆಗಳಿಗೆ ಮಾತ್ರ. ಪಿಂಗಾಣಿಯ ಒಂದು ಲೇಖನಕ್ಕಾಗಿ ನಾಲ್ಕು ವಾರ ಕಾದೆ. ಕೊನೆಗೆ ಅದೇ ಕೊಂಡಿಯ ಪಕ್ಕದ ‘ಎಲ್ಲ ಆವೃತ್ತಿಗಳು’ ಒತ್ತಿದೆ. ಲೇಖಕರೇ ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಇಟ್ಟಿದ್ದ ಪ್ರತಿ ಸಿಕ್ಕಿತು.