ಚಳಿಗಾಲದ ಬೆಟ್ಟದ ಪ್ರವಾಸ: ದಾರಿಯಲ್ಲಿ ವೇಗದ ಚಾರ್ಜಿಂಗೋ, ತಂಗುವಲ್ಲಿ ರಾತ್ರಿ ಚಾರ್ಜಿಂಗೋ?

ಕೊರೆಯುವ ಚಳಿ, ಹೀಟರ್ ಮತ್ತು ಏರುದಾರಿ ಮೂರೂ ಸೇರಿದರೆ ವಿದ್ಯುತ್ ಕಾರು ಒಂದು ಚಾರ್ಜಿಗೆ ಓಡುವ ದೂರ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಕುಗ್ಗಬಹುದು.

ಸಮಯವೇ ಮುಖ್ಯವಾದರೆ ವೇಗದ ಚಾರ್ಜರ್ ಮೇಲು. ಆದರೆ ತಣ್ಣಗಿನ ಬ್ಯಾಟರಿ ನಿಧಾನವಾಗಿ ತುಂಬುವುದರಿಂದ, ಚಾರ್ಜರ್ ತಲುಪುವ ಮೊದಲೇ ಅದನ್ನು ಬೆಚ್ಚಗಾಗಿಸುವ ಕಾರಿಗಷ್ಟೇ ಇದರ ಪೂರ್ಣ ಲಾಭ ಸಿಗುತ್ತದೆ. ಬ್ಯಾಟರಿ ಶೇ. 80 ದಾಟಿದ ಮೇಲೆ ತುಂಬುವ ವೇಗ ತಗ್ಗುವುದರಿಂದ ಅಲ್ಲಿ ಕಾಯುವುದು, ನನ್ನ ಮಟ್ಟಿಗೆ, ವ್ಯರ್ಥ.

ಖರ್ಚಿನಲ್ಲಿ ರಾತ್ರಿ ಚಾರ್ಜಿಂಗ್ ಸಾಮಾನ್ಯವಾಗಿ ಅಗ್ಗ. ಬೆಳಿಗ್ಗೆ ಪ್ಲಗ್ ತೆಗೆಯುವ ಮುನ್ನವೇ ಕಾರಿನ ಒಳಭಾಗವನ್ನು ಬೆಚ್ಚಗಾಗಿಸಿ, ಗಾಜಿನ ಮೇಲಿನ ಹಿಮವನ್ನು ಬ್ಯಾಟರಿ ಖರ್ಚಿಲ್ಲದೆ ಕರಗಿಸಬಹುದು. ಬೆಟ್ಟದ ಮೇಲೆಯೇ ತಂಗಿದ್ದರೆ ಮಾತ್ರ ಪೂರ್ತಿ ತುಂಬಿಸಬಾರದು, ಏಕೆಂದರೆ ತುಂಬಿದ ಬ್ಯಾಟರಿ ಇಳಿಜಾರಿನಲ್ಲಿ ಬ್ರೇಕ್‌ನಿಂದ ಮರಳಿ ಬರುವ ವಿದ್ಯುತ್ತನ್ನು ಸ್ವೀಕರಿಸದು.

ಒಂದೇ ದಿನದಲ್ಲಿ ದೂರ ಕ್ರಮಿಸುವವರಿಗೆ ಮೊದಲನೆಯದು, ಒಂದೆಡೆ ನಾಲ್ಕಾರು ದಿನ ನೆಲೆಸುವವರಿಗೆ, ಚಾರ್ಜಿಂಗ್ ಜಾಗ ಮುಂಗಡವಾಗಿ ಖಚಿತವಾಗಿದ್ದರೆ, ಎರಡನೆಯದು ಒಪ್ಪುತ್ತದೆ.